ಖರೀದಿದಾರನ ಮೇಲೆ ರುಜುವಾತಿನ ಹೊಣೆ

ಇನ್‌ವಾಯ್ಸ್ ಇದ್ದು, ಚೆಕ್ ಮೂಲಕ ಹಣ ಪಾವತಿಯಾದ ಮಾತ್ರಕ್ಕೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದೇ? ಕರ್ನಾಟಕ ರಾಜ್ಯ ವಿರುದ್ಧ ಇಕಾಮ್ ಗಿಲ್ ಕಾಫಿ ಟ್ರೇಡಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಮಾರ್ಚ್ 13ರಂದು ಇಲ್ಲವೆಂದು ತೀರ್ಪಿತ್ತಿತು. 2003ರ ಕರ್ನಾಟಕ ಮೌಲ್ಯವರ್ಧಿತ ತೆರಿಗೆ ಅಧಿನಿಯಮದ ಕಲಂ 70ರಂತೆ, ಸರಕು ವಾಸ್ತವವಾಗಿ ಸಾಗಿ ಬಂದುದನ್ನು ರುಜುವಾತುಪಡಿಸುವ ಹೊಣೆ ಖರೀದಿದಾರನದೇ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ ಕಲಂ 155 ಸಹ ಈ ಹೊಣೆಯನ್ನು ಜಮೆ ಕೋರುವವನ ಮೇಲೆಯೇ ಇರಿಸಿದೆ.

ಉದಾಹರಣೆಗೆ, ಶಹಾಪುರದ ಜಿನ್ನಿಂಗ್ ಮಿಲ್ಲೊಂದು ಸುರಪುರದ ನೋಂದಾಯಿತ ವರ್ತಕನಿಂದ 10 ಲಕ್ಷ ರೂಪಾಯಿಯ ಹತ್ತಿ ಕೊಂಡರೆ, ಶೇ. 5ರಂತೆ ತೆರಿಗೆ 50,000 ರೂಪಾಯಿ. ಸಾಗಣೆ ರುಜುವಾತಾಗದಿದ್ದಲ್ಲಿ ಆ ಮೊತ್ತವನ್ನು ಬಡ್ಡಿ, ದಂಡಸಹಿತ ತೆರಬೇಕಾದೀತು. ಆದುದರಿಂದ ಯಾದಗಿರಿ ಭಾಗದ ವರ್ತಕರು ಲಾರಿ ಸಂಖ್ಯೆ, ಬಾಡಿಗೆ ರಸೀದಿ, ತೂಕದ ಚೀಟಿ, ಸರಕು ಮುಟ್ಟಿದ ಸಹಿ ಇವುಗಳನ್ನು ಇನ್‌ವಾಯ್ಸಿಗೆ ಲಗತ್ತಿಸಿ, ವಾರ್ಷಿಕ ರಿಟರ್ನ್ ಸಲ್ಲಿಕೆಯ ಗಡುವಿನಿಂದ ಕನಿಷ್ಠ 72 ತಿಂಗಳು ಕಾಯ್ದಿರಿಸತಕ್ಕದ್ದು.