ಮನೆಯ ಕೋವಿ ಮೊದಲು

ತಾತನ ಎರಡು ಕೋವಿ ನಿನ್ನ ಪಾಲಿಗೆ ಬಂದಾಗಿನಿಂದ ನಿನಗೆ ಹಳೇ ಬಂದೂಕುಗಳ ಹುಚ್ಚು ಹತ್ತಿದೆ ಎಂದು ನಿಮ್ಮಮ್ಮ ಹೇಳಿದಳು. ನನಗೆ ಸಂತೋಷವೇ ಆಯಿತು ಕಣಪ್ಪ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹಳೇ ಕಬ್ಬಿಣ ಅಂದರೆ ಗುಜರಿಯವನ ತಕ್ಕಡಿಗೆ ಹೋಗುವುದೇ ಹೆಚ್ಚು. ಅದನ್ನು ಉಳಿಸಬೇಕು ಅನ್ನುವ ಹುಡುಗ ನಮ್ಮ ಮನೆಯಲ್ಲಿ ಹುಟ್ಟಿದ್ದು ಒಳ್ಳೆಯದಾಯಿತು. ಆದರೆ ನೀನು ಬರೆದಿಟ್ಟುಕೊಂಡ ಪಟ್ಟಿಯನ್ನೂ ಅವಳು ತೋರಿಸಿದಳು. ಟಿಪ್ಪುವಿನ ಚಕಮಕಿ ಕೋವಿ, ಕೆನೆತ್ ಆಂಡರ್ಸನ್ ಹಿಡಿದಿದ್ದಂಥ .405 ವಿಂಚೆಸ್ಟರ್, ಪೊಲೀಸರ .303. ಮನೆಯಲ್ಲಿರುವ ಎರಡು ಕೋವಿಗಳ ಹೆಸರು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಮೊದಲು ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರ ಡಿಸೆಂಬರಿನಲ್ಲಿ ತಿದ್ದುಪಡಿ ಬಂತು. ಅಲ್ಲಿಯವರೆಗೆ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, ಈಗ ಎರಡೇ. ಪಿತ್ರಾರ್ಜಿತವಾಗಿ ಬಂದದ್ದಕ್ಕೂ ಇದೇ ಮಿತಿ. ತಾತನ ಎರಡು ನಿನ್ನ ಹೆಸರಿಗೆ ಬಂದರೆ ಅಲ್ಲಿಗೆ ಲೆಕ್ಕ ಮುಗಿಯಿತು. ಹಳೇ ಮಾದರಿಯ, ರಿಪೇರಿ ಮಾಡಿದರೂ ಹಾರಿಸಲಾಗದ ಆಯುಧವನ್ನು ಕಾಯ್ದೆಯ 45ನೇ ಕಲಮು ಹೊರಗಿಡುತ್ತದೆ. 2020ರಲ್ಲಿ ಬದಲಾದ ನಿಯಮ, ಕ್ಯೂರಿಯೋ ಎನಿಸಿಕೊಂಡ ಹಳೇ ಬಂದೂಕನ್ನು ಬರೀ ಇಟ್ಟುಕೊಳ್ಳುವುದಕ್ಕೆ ಲೈಸೆನ್ಸ್ ಬೇಡ ಅನ್ನುತ್ತದೆ. ಹಾರಿಸುವುದಕ್ಕೆ, ಊರಿಂದೂರಿಗೆ ಒಯ್ಯುವುದಕ್ಕೆ ಬೇಕೇ ಬೇಕು. ಯಾವುದು ಕ್ಯೂರಿಯೋ, ಯಾವುದು ಕೆಟ್ಟು ನಿಂತದ್ದು ಅನ್ನುವುದನ್ನು ನೀನೇ ತೀರ್ಮಾನಿಸಬೇಡ, ಮಾರುವವನ ಬಾಯಿಮಾತನ್ನಂತೂ ನಂಬಲೇಬೇಡ. ಅಧಿಕಾರಿಯಿಂದ ಬರಹದಲ್ಲಿ ತೆಗೆದುಕೋ. ಕೊಡಗಿನ ನೆಂಟರ ಮನೆಗಳಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇದೆಯಲ್ಲ ಅಂತ ನೀನು ಕೇಳಬಹುದು. ಅದು 1861ರಿಂದ, ಕಮಿಷನರ್ ಮಾರ್ಕ್ ಕಬ್ಬನ್ ಕಾಲದಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದಿರುವ ವಿನಾಯಿತಿ, 2029ರವರೆಗೆ ಮುಂದುವರಿದಿದೆ. ನಮಗೆ ಅದು ಅನ್ವಯಿಸುವುದಿಲ್ಲ.

ಇನ್ನು ಟಿಪ್ಪುವಿನ ಕೋವಿ. ಆಸೆ ನನಗೆ ಅರ್ಥವಾಗುತ್ತದೆ. ಶ್ರೀರಂಗಪಟ್ಟಣ, ನಗರ ಮೊದಲಾದ ಕಡೆಯ ಕಾರ್ಖಾನೆಗಳಲ್ಲಿ ತಯಾರಾದ ಆ ಬಂದೂಕುಗಳ ಮೇಲೆ ಹುಲಿಪಟ್ಟೆ, ಹೈದರನ ಹೆಸರಿನ ಮುದ್ರೆ, ಪ್ರವಾದಿಯ ಹುಟ್ಟಿನಿಂದ ಎಣಿಸುವ ಮೌಲೂದಿ ವರ್ಷ ಇರುತ್ತವೆ, ಅದರ ಅಂಕಿಗಳು ಬಲದಿಂದ ಎಡಕ್ಕೆ. ಲಂಡನ್ನಿನಲ್ಲಿ 2015ರ ಏಪ್ರಿಲಿನಲ್ಲಿ ಇಂಥ ಆಯುಧಗಳ ಒಂದು ಸಂಗ್ರಹ 60 ಲಕ್ಷ ಪೌಂಡಿಗೂ ಹೆಚ್ಚಿಗೆ ಹರಾಜಾಯಿತು. ಅದನ್ನು ಕೂಡಿಸಿದ್ದವನು ರಾಬಿನ್ ವಿಗಿಂಗ್ಟನ್. ಅವನಿಂದ ನೀನು ಕಲಿಯಬೇಕಾದದ್ದು ಬೆಲೆಯ ಪಾಠವನ್ನಲ್ಲ. ಆತ ಒಂದೇ ವಿಷಯ ಹಿಡಿದ, ಒಂದೊಂದು ಮುದ್ರೆಯನ್ನೂ ಓದಿದ, 1992ರಲ್ಲಿ ಟಿಪ್ಪುವಿನ ಬಂದೂಕುಗಳ ಮೇಲೆ ಒಂದು ಪುಸ್ತಕವನ್ನೇ ಬರೆದ. ಆ ಓದು ಇಲ್ಲದೆ ಕೊಳ್ಳಲು ಹೊರಟರೆ ನಿನ್ನ ಕೈಗೆ ಸಿಗುವುದು ನಕಲಿಯೇ. ಹಳೇ ನಳಿಗೆಗೆ ಹೊಸ ಹುಲಿಪಟ್ಟೆ ಕೊರೆಯುವವರಿದ್ದಾರೆ. ನಿಜವಾದದ್ದನ್ನು ನೋಡಬೇಕು ಅನ್ನಿಸಿದರೆ ಮೈಸೂರು ಅರಮನೆಯ ಆಯುಧಶಾಲೆ ದೂರವೇನಲ್ಲ. ಶ್ರೀರಂಗಪಟ್ಟಣಕ್ಕೂ ಹೋಗಿ ಬಾ. ಟಿಪ್ಪುವಿನ ಸಮಾಧಿ ಇರುವ ಗುಂಬಜ್‌ನ ಕರಿಕಂಬಗಳನ್ನು ಮುಟ್ಟಿ ನೋಡು. ನಮ್ಮ ತುರುವೇಕೆರೆ ಸೀಮೆಯ ಕಲ್ಲು ಅದಕ್ಕೆ ಹೋಯಿತೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಟಿಪ್ಪುವಿಗೂ ನಮ್ಮ ಊರಿಗೂ ಇರುವ ನಂಟು ಸಾಕಷ್ಟು ಗಟ್ಟಿಯಾಗಿದೆ, ಅದಕ್ಕೆ ನಿನ್ನ ಬೀರುವಿನಲ್ಲಿ ಕೋವಿ ಇರಬೇಕಾಗಿಲ್ಲ.

.303 ಬಗ್ಗೆ ಎರಡೇ ಮಾತು. ಅದು ಸೈನ್ಯದ ಬೋರು, ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಸರ್ಕಾರಿ ಕಾರ್ಖಾನೆಗಳು ಜನರಿಗೆಂದು .315 ರೈಫಲ್ ಮಾಡಿದ್ದು ಈ ಕಾರಣಕ್ಕೇ. ಪಟ್ಟಿಯಿಂದ ಹೊಡೆದು ಹಾಕು.

ಆಂಡರ್ಸನ್ ವಿಷಯಕ್ಕೆ ಬಂದರೆ, ತೇಜಸ್ವಿಯವರ ಕನ್ನಡದಲ್ಲಿ ‘ಕಾಡಿನ ಕತೆಗಳು’ ಓದಿ ಬೆಳೆದವರಿಗೆಲ್ಲ ಆ ವಿಂಚೆಸ್ಟರ್ ಮೇಲೆ ಒಂದು ಕಣ್ಣು ಇದ್ದೇ ಇರುತ್ತದೆ. ಅವನು ಬರೆದ ಕರಡಿಯ ಕಥೆಯೊಂದು ನಡೆಯುವುದು ಇಲ್ಲೇ ನಮ್ಮ ಪಕ್ಕದ ಅರಸೀಕೆರೆಯ ಗುಡ್ಡಗಳಲ್ಲಿ. ಆದರೆ ಅಂಗಡಿಯಲ್ಲಿ ಕೊಂಡ ಇನ್ನೊಂದು .405ಕ್ಕೂ ಆ ಗುಡ್ಡಕ್ಕೂ ಏನು ಸಂಬಂಧ? ಅದೇ ಮಾದರಿ ಅನ್ನುವುದೊಂದು ಬಿಟ್ಟರೆ ಅದರಲ್ಲಿ ಚರಿತ್ರೆ ಇಲ್ಲ. ಪುಸ್ತಕ ಇಟ್ಟುಕೋ, ಸಾಕು.

ಈಗ ನಿನ್ನ ಮನೆಯ ಕೋವಿಗಳನ್ನು ನೋಡು. ಒಂದು ಕೇಪಿನ ಕೋವಿ, ಬಾಯಿಂದ ಮದ್ದು ತುಂಬಿ ಗಜದಿಂದ ಬಡಿಯುವಂಥದ್ದು. ಇನ್ನೊಂದು ಜೋಡು ನಳಿಗೆಯ ತೋಟಾ ಕೋವಿ. ಇಂಗ್ಲಿಷರ ಸೈನ್ಯ 1866ರಲ್ಲೇ ಹಿಂದಿನಿಂದ ತೋಟಾ ತುಂಬುವ ಸ್ನೈಡರ್‌ಗೆ ಬದಲಾಯಿತು. ನಮ್ಮ ತೋಟಗಳಲ್ಲಿ ಕೇಪಿನ ಕೋವಿ ಅದಾದ ಮೇಲೂ ನೂರು ವರ್ಷಕ್ಕೂ ಮೀರಿ ಉಳಿಯಿತು. ಯಾಕೆ? ಅಗ್ಗ, ಊರ ಆಚಾರಿಯೇ ರಿಪೇರಿ ಮಾಡಬಲ್ಲ, ಹಂದಿ ಕೋತಿ ಬೆದರಿಸಲು ಒಂದು ಸದ್ದು ಸಾಕು. ಬೆಳೆ ರಕ್ಷಣೆಯ ಲೈಸೆನ್ಸು, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ಪಡೆದದ್ದು, ನವೀಕರಣದ ಮೊಹರುಗಳು, ಇವೆಲ್ಲ ತಾತನ ಲೈಸೆನ್ಸ್ ಪುಸ್ತಕದಲ್ಲಿವೆ. ತೆಂಗಿನ ಸೀಮೆಯ ರೈತನೂ ಸರ್ಕಾರವೂ ಕಾಡುಪ್ರಾಣಿಯೂ ಹೇಗೆ ಬದುಕಿದರು ಅನ್ನುವುದಕ್ಕೆ ಆ ಪುಸ್ತಕ ದಾಖಲೆ. ಯಾವ ಹರಾಜಿನಲ್ಲೂ ಅದು ಸಿಗುವುದಿಲ್ಲ. ಕೋವಿಯ ಜೊತೆಗೇ ಅದನ್ನೂ ಜೋಪಾನ ಮಾಡು.

ಜೋಡು ನಳಿಗೆಯ ಮೇಲಿರುವ ಮುದ್ರೆಗಳನ್ನು ಬೆಳಕಿಗೆ ಹಿಡಿದು ಓದು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆಯೋ, ಕಲ್ಕತ್ತೆಯ ಮ್ಯಾಂಟನ್ ಅಥವಾ ರೊಡ್ಡ, ಮದರಾಸಿನ ಪಿ. ಓರ್ ಅಂಡ್ ಸನ್ಸ್ ಅಂಗಡಿಯ ಹೆಸರೋ, ನಮ್ಮದೇ ಸರ್ಕಾರಿ ಕಾರ್ಖಾನೆಯದೋ ನೋಡು. ಅದು ಯಾವ ದಾರಿಯಲ್ಲಿ ಈ ಊರಿಗೆ ಬಂತು ಅನ್ನುವುದು ಅಲ್ಲಿಂದ ತಿಳಿಯುತ್ತದೆ. ಆಮೇಲೆ ನಿಮ್ಮ ಅಜ್ಜಿಯ ಪಕ್ಕ ಕೂತು ಕೇಳು: ಯಾರು ಕೊಂಡರು, ಎಷ್ಟಕ್ಕೆ, ಯಾವ ವರ್ಷ ಯಾವ ತೋಟದಲ್ಲಿ ಹಾರಿತು. ಬರೆದಿಡು. ಆಕೆಗೆ ನೆನಪಿರುವಾಗಲೇ ಬರೆದಿಡು. ಈ ಬರವಣಿಗೆ ಇಲ್ಲದ ಕೋವಿ ಮುಂದಿನವರ ಕೈಯಲ್ಲಿ ಬರೀ ಕಬ್ಬಿಣ.

ಇಷ್ಟಾದ ಮೇಲೂ ಒಂದನ್ನು ಸೇರಿಸಬೇಕು ಅಂತ ಮನಸ್ಸಿದ್ದರೆ, ಹಾರದೆ ನಿಂತ ಕಂಪನಿ ಕಾಲದ ಮಸ್ಕೆಟ್ ಒಂದನ್ನು ಯೋಚಿಸು ಅಂದೇನು. 39 ಅಂಗುಲ ನಳಿಗೆಯ ‘ಇಂಡಿಯಾ ಪ್ಯಾಟರ್ನ್’ ಅದು. ಅದರ ಬೀಗದ ಮೇಲೆ ಹಳೆಯದಾದರೆ ಹೃದಯಾಕಾರದ ಕಂಪನಿ ಮುದ್ರೆ, 1808ರ ಈಚಿನದಾದರೆ ನಿಂತ ಸಿಂಹ. ನಮಗೆ ಇದರ ನಂಟು ಇದೆ: 1791ರಲ್ಲಿ ಕಾರ್ನ್‌ವಾಲಿಸನನ್ನು ಕೂಡಿಕೊಳ್ಳಲು ಹೊರಟ ಪರಶುರಾಮ ಭಾವೂನ ಮರಾಠಾ ದಂಡು ಚಿಕ್ಕನಾಯಕನಹಳ್ಳಿಯನ್ನು ಸೂರೆ ಮಾಡಿತು. ಕಂಪನಿ ಟಿಪ್ಪುವಿನ ಮೇಲೆ ಮಾಡಿದ ಆ ಯುದ್ಧದ ನೆನಪಿಗೆ ಒಂದು ತಕ್ಕದ್ದು. ಆದರೆ ಎಲ್ಲಿಂದ ಬಂತು ಅನ್ನುವ ಕಾಗದ ಇಲ್ಲದಿದ್ದರೆ ಬೇಡ. ಕಾಗದ ಇಲ್ಲದ ನಾಡಕೋವಿಯನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಮುಟ್ಟಲೂ ಬೇಡ, ಅದು ಜೈಲಿನ ದಾರಿ. ತೋಟ ಅಗೆಯುವಾಗ, ಬಾವಿ ಹೂಳೆತ್ತುವಾಗ ಗುಂಡು, ನಳಿಗೆ ಏನು ಸಿಕ್ಕರೂ ತಹಶೀಲ್ದಾರರಿಗೆ ತಿಳಿಸು. ಹೊಸನಗರ ತಾಲ್ಲೂಕಿನ ಬಿದನೂರಿನಲ್ಲಿ 2018ರಲ್ಲಿ ಹಳೇ ಬಾವಿಯಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ಎದ್ದವು. ಅವು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆ ಮ್ಯೂಸಿಯಮ್ಮಿಗೆ ಹೋದದ್ದರಿಂದಲೇ ಲೋಕಕ್ಕೆ ಅವುಗಳ ಬೆಲೆ ತಿಳಿಯಿತು. ಒಬ್ಬೊಬ್ಬರು ಒಂದೊಂದು ಮನೆಗೆ ಒಯ್ದಿದ್ದರೆ ಏನು ಉಳಿಯುತ್ತಿತ್ತು?

ಇನ್ನೊಂದು, ಇದನ್ನು ಮಾತ್ರ ಮರೆಯಬೇಡ. ಅಟ್ಟದಲ್ಲಿ ಎಷ್ಟೋ ವರ್ಷದಿಂದ ಒರಗಿದ್ದ ಕೇಪಿನ ಕೋವಿ ಖಾಲಿ ಇದೆ ಅಂತ ತಿಳಿಯಬೇಡ. ಕೊನೆಯ ಸಲ ತುಂಬಿ ಹಾರಿಸದೆ ಇಟ್ಟಿರುತ್ತಾರೆ, ಒಣಗಿದ ಕರಿಮದ್ದು ತಲೆಮಾರು ಕಳೆದರೂ ಸಾಯುವುದಿಲ್ಲ. ಬಾಯನ್ನು ಮೈಯಿಂದ ದೂರ ಹಿಡಿದು ಗಜ ಇಳಿಸಿ ಗುರುತು ಹಾಕು, ಅದೇ ಗಜವನ್ನು ನಳಿಗೆಯ ಹೊರಗೆ ಇಟ್ಟು ಅಳೆ. ಕೇಪು ಕೂರುವ ಜಾಗದವರೆಗೆ ಗಜ ಮುಟ್ಟದಿದ್ದರೆ ಒಳಗೆ ಏನೋ ಇದೆ. ನೀನು ಕೆದಕಬೇಡ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವನನ್ನು ಕರೆಸು. ಜೋಡು ನಳಿಗೆಯ ಮೇಲೆ ಹಾವಿನ ಮೈಯಂಥ ಸುರುಳಿ ನೆಯ್ಗೆ ಕಂಡರೆ ಅದು ಡಮಾಸ್ಕಸ್ ನಳಿಗೆ, ಅದಕ್ಕೆ ಈಗಿನ ತೋಟಾ ಹಾಕಿದರೆ ಸಿಡಿದು ಕೈ ಹೋದೀತು. ಮತ್ತೆ, ತೆಂಗಿನ ಸೀಮೆಯವರು ನಾವು ಎಲ್ಲಕ್ಕೂ ಕೊಬ್ಬರಿ ಎಣ್ಣೆ ಸವರುತ್ತೇವೆ, ಕೋವಿಗೆ ಬೇಡ. ಮಾರ್ಗಶಿರದ ಚಳಿಗೆ ಅದು ಹೆಪ್ಪುಗಟ್ಟುತ್ತದೆ, ಆಮೇಲೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಬಟ್ಟೆಗೆ ಹಾಕಿ ತೆಳ್ಳಗೆ ಒರೆಸು.

ತಾತ ಹೋದ ಮೇಲೆ ಕೋವಿಗಳನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕಿತ್ತು, ಇನ್ನೂ ಆಗಿಲ್ಲ ಅಂತ ನಿಮ್ಮಮ್ಮ ಹೇಳಿದಳು. ನಾಳೆಯೇ ಠಾಣೆಗೆ ಫೋನ್ ಮಾಡಿ ಹೇಗೆ ತರಬೇಕೆಂದು ಕೇಳಿಕೊಂಡು ಒಪ್ಪಿಸು. ವಾರಸುದಾರನ ಲೈಸೆನ್ಸಿಗೆ ತುಮಕೂರಿನ ಡಿ.ಸಿ. ಕಚೇರಿಯಲ್ಲಿ ಅರ್ಜಿ ಹಾಕು, ಮರಣ ಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಸಿದ್ಧ ಇಟ್ಟುಕೋ. ಆ ಕೆಲಸ ಮುಗಿಯುವವರೆಗೆ ಬೇರೆ ಯಾವ ಬಂದೂಕಿನ ಮಾತನ್ನೂ ಆಡಬೇಡಪ್ಪ.