ಹಾಲಕ್ಕಿಯೂ ಅದರ ಕಾಡಿನ ದಾಯಾದಿಯೂ

ಪುಣೆಗೆ ಬಂದ ಹೊಸತರಲ್ಲಿ ಒಂದು ಮುಂಜಾವಿನಲ್ಲಿ, ಶಕುನ ನುಡಿಯುತ್ತ ಬೀದಿಯಲ್ಲಿ ಬಂದವನೊಬ್ಬನನ್ನು ನಾವು ಕಂಡೆವು. ನೆರೆಯವರು ಅವನನ್ನು ‘ಪಿಂಗಳಾ’ ಎಂದರು. ಅದೇ ಹೆಸರಿನ ಹಕ್ಕಿಯ ನುಡಿ ಅವನಿಗೆ ತಿಳಿಯುವುದೆಂದು ಇಲ್ಲಿಯವರ ನಂಬಿಕೆ. ನಮ್ಮ ಕಡೆಯ ಬುಡಬುಡಿಕೆಯವನೂ ಹಾಲಕ್ಕಿ ನುಡಿಯಿತೆನ್ನುವುದಿಲ್ಲವೇ? ಹಕ್ಕಿ ಒಂದೇ, ಭಾಷೆ ಎರಡು.

ವಿದ್ಯಾರ್ಥಿಗಳೇ, ಗೇಣುದ್ದದ ಈ ಗೂಬೆಯನ್ನು ನೀವು ಬಲ್ಲಿರಿ. ನಗರದ ಹಳೆಯ ಮರಗಳ ಪೊಟರೆಗಳಲ್ಲಿಯೂ ಗೋಡೆಯ ಸಂದುಗಳಲ್ಲಿಯೂ ಅದು ಸಂಸಾರ ಹೂಡುತ್ತದೆ. ಸಂಜೆಯಾದೊಡನೆ ಹೊರಬಿದ್ದು ಕೀಟಗಳನ್ನೂ ಇಲಿಗಳನ್ನೂ ಹಿಡಿಯುತ್ತದೆ. ಇದಕ್ಕೆ ಕಾಡಿನಲ್ಲೊಂದು ದಾಯಾದಿಯುಂಟು. ಮರಾಠಿಯಲ್ಲಿ ಅದು ‘ವನಪಿಂಗಳಾ’. ನಾವು ಕಾಡುಹಾಲಕ್ಕಿ ಎನ್ನೋಣ. ಗಾತ್ರ ಸರಿಸುಮಾರು ಒಂದೇ. ಆದರೆ ಹಾಲಕ್ಕಿಯ ನೆತ್ತಿಯ ಮೇಲಿನ ಬಿಳಿಯ ಚುಕ್ಕೆಗಳು ಸ್ಫುಟವಾಗಿವೆ. ಕಾಡಿನದರಲ್ಲಿ ಇಲ್ಲವೆನ್ನುವಷ್ಟು ಮಾಸಿವೆ. ಇದರ ಕೊಕ್ಕೂ ಉಗುರುಗಳೂ ದೊಡ್ಡವು, ಬಾಲದ ಪಟ್ಟೆಗಳು ಅಗಲ. ಮೇಲಾಗಿ ಅದು ಹಗಲಿನಲ್ಲಿಯೂ ಬೇಟೆಯಾಡುತ್ತದೆ. ಗೂಬೆಗೆ ಹಗಲು ಕಾಣದೆಂಬ ಮಾತಿಗೆ ಬೇರೆ ಉತ್ತರ ಬೇಕೆ?

ಕಾಡುಹಾಲಕ್ಕಿಯನ್ನು ಮೊದಲು ವರ್ಣಿಸಿದವರು ಹ್ಯೂಮ್ ಸಾಹೇಬರು, 1873ರಲ್ಲಿ. ಕಾಂಗ್ರೆಸ್ಸಿನ ಸ್ಥಾಪಕರೆಂದು ಇತಿಹಾಸದ ಪಾಠದಲ್ಲಿ ಬರುವವರೂ ಇವರೇ. 1884ರ ತರುವಾಯ ಆ ಹಕ್ಕಿ ಯಾರ ಕಣ್ಣಿಗೂ ಬೀಳದಂತಾಯಿತು. 1914ರಲ್ಲಿ ಗುಜರಾತಿನಲ್ಲಿ ತಾನು ಹೊಡೆದೆನೆಂದು ಮೈನರ್ಟ್ಸ್‌ಹ್ಯಾಗನ್ ಎಂಬ ಅಧಿಕಾರಿ ಹೇಳಿಕೊಂಡಿದ್ದನು. ಅದು ವಸ್ತುಸಂಗ್ರಹಾಲಯದಿಂದ ಕದ್ದು ಬೇರೆ ಚೀಟಿ ಅಂಟಿಸಿದ ಹಳೆಯ ಹಕ್ಕಿಯೆಂದು ಬಹುಕಾಲದ ಮೇಲೆ ಬಯಲಾಯಿತು. ವಿದ್ಯಾವಂತನ ಕಳವು! ಕೊನೆಗೆ 1997ರ ನವೆಂಬರಿನಲ್ಲಿ ಪಮೇಲಾ ರಾಸ್ಮುಸೆನ್ ಮತ್ತು ಸಂಗಡಿಗರು ಸಾತಪುಡಾ ತಪ್ಪಲಿನ ಶಹಾದೆಯ ಬಳಿ ಅದನ್ನು ಜೀವಂತವಾಗಿ ಕಂಡರು. ನೂರಹದಿಮೂರು ವರ್ಷಗಳ ಮೇಲೆ.

ಅನಂತರ ಮೇಳಘಾಟದಲ್ಲಿಯೂ, 2014ರಲ್ಲಿ ಮುಂಬಯಿಗೆ ಸಮೀಪದ ತಾನಸಾ ಅಭಯಾರಣ್ಯದಲ್ಲಿಯೂ ದೊರೆಯಿತು. ಆದಕಾರಣ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದನ್ನು 2018ರಲ್ಲಿ ‘ತೀವ್ರ ಅಪಾಯ’ದಿಂದ ‘ಅಪಾಯ’ಕ್ಕೆ ಇಳಿಸಿದರು. ಆದರೂ ಪ್ರೌಢ ಹಕ್ಕಿಗಳು ಸಾವಿರಕ್ಕೂ ಕಡಿಮೆಯೆಂದೇ ಅಂದಾಜು. ಹಾಲಕ್ಕಿಗೆ ಆ ಭಯವಿಲ್ಲ. ಊರಿನಲ್ಲಿ ಬಾಳಲು ಅದು ಕಲಿತಿದೆ. ಕಾಡಿನದು ತೇಗದ ಅಡವಿಯನ್ನು ಬಿಟ್ಟು ಬಾರದು, ಅಡವಿಯೋ ಹೊಲಕ್ಕೂ ಸೌದೆಗೂ ಕರಗುತ್ತಿದೆ. ಮಾಟಮಂತ್ರಕ್ಕೆಂದು ಗೂಬೆಗಳನ್ನು ಹಿಡಿಯುವವರು ಬೇರೆ; ಅವರು ನೆತ್ತಿಯ ಚುಕ್ಕೆಗಳನ್ನು ಎಣಿಸಿ ಬಿಡುವುದಿಲ್ಲ.

ಕಳೆದ ವರ್ಷ ನಮ್ಮ ಅಂಗಳದ ಮರದ ಪೊಟರೆಗೆ, ಅಪಶಕುನವೆಂದು, ಕೆಲವು ಹುಡುಗರು ಕಲ್ಲೆಸೆದುದನ್ನು ನಾವು ಕಂಡಿದ್ದೆವು. ಜೋಡಿ ಹಾರಿಹೋಯಿತು. ಈಗ ಮರಳಿ ಬಂದಿದೆ. ಶನಿವಾರ ಸಂಜೆ ಅದನ್ನು ನೋಡಬಯಸುವವರು ಟಾರ್ಚು ತರದೆ ಬರಬೇಕು.