ಅಡಮಾನ ಸಾಲದ ಪತ್ರಗಳನ್ನು ಓದುವುದು: ಭಾಷಾಪಾಠವಾಗಿ ಒಂದು ಕಾನೂನು

ಉದ್ದೇಶ: ವ್ಯವಹಾರದ ಗದ್ಯವನ್ನು ಅರ್ಥೈಸುವುದು, ಮನೆಯ ಮೇಲಿನ ಸಾಲ ಸುಸ್ತಿಯಾದಾಗ ಕಾನೂನು ನೀಡುವ ರಕ್ಷಣೆಗಳನ್ನು ಕಾಲಾನುಕ್ರಮದಲ್ಲಿ ಗುರುತಿಸುವುದು.

ಪ್ರವೇಶ

ಕಾಸರಗೋಡಿನಂತಹ ಗಡಿನಾಡಿನ ಅನೇಕ ಮನೆಗಳಲ್ಲಿ ಬ್ಯಾಂಕಿನ ಪತ್ರವನ್ನು ಓದಿ ಹೇಳುವ ಹೊಣೆ ಶಾಲೆಗೆ ಹೋಗುವ ಮಕ್ಕಳದು. ಪತ್ರ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತದೆ. ಹಿರಿಯರು ಓದಬಲ್ಲುದು ಕನ್ನಡವನ್ನು. ಹೆದರಿಕೆಯಿಂದ ಆ ಪತ್ರ ಕಪಾಟಿನಲ್ಲೇ ಉಳಿದರೆ ಕಾನೂನು ಕೊಟ್ಟ ಅವಧಿಯೂ ಅಲ್ಲಿಯೇ ಮುಗಿದುಹೋಗುತ್ತದೆ. ರಕ್ಷಣೆ ಕಾಯ್ದೆಯಲ್ಲಿದ್ದರೂ ಅದು ಕೈಗೆ ದೊರೆಯುವುದು ಸಕಾಲದ ಓದಿನಿಂದ ಎಂಬುದೇ ಈ ಪಾಠದ ತಿರುಳು.

ಸಾಲ ಪಡೆಯುವ ಮುನ್ನ

ಭಾರತೀಯ ರಿಸರ್ವ್ ಬ್ಯಾಂಕು 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಅದೇ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಗೃಹಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಮುಖ್ಯಾಂಶ ಪತ್ರವನ್ನು ನೀಡುವುದು ಕಡ್ಡಾಯ. ಬಡ್ಡಿ ಹಾಗೂ ಶುಲ್ಕಗಳೆಲ್ಲ ಸೇರಿದ ವಾರ್ಷಿಕ ದರ, ಕಂತುಗಳ ಪಟ್ಟಿ ಇತ್ಯಾದಿ ಅದರಲ್ಲಿರಬೇಕು. ಅದರಲ್ಲಿ ನಮೂದಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಿಧಿಸುವಂತಿಲ್ಲ.

ಭಾಷಾ ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಈ ಪತ್ರವು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅದರ ವಿಷಯವನ್ನು ವಿವರಿಸಿ, ಅರ್ಥವಾಗಿದೆ ಎಂಬ ಸ್ವೀಕೃತಿಯನ್ನು ಪಡೆಯಬೇಕು. ಕನ್ನಡ ಮಾತ್ರ ಬಲ್ಲವನು ಕನ್ನಡದ ಪತ್ರವನ್ನು ಕೇಳುವುದು ದಾಕ್ಷಿಣ್ಯದ ಮಾತಲ್ಲ, ನಿಯಮದ ಮಾತು. ಅರ್ಥವಾಗದ ಪತ್ರಕ್ಕೆ ‘ಅರ್ಥವಾಗಿದೆ’ ಎಂದು ಸಹಿ ಮಾಡಬಾರದು.

ಸಾಲ ಸುಸ್ತಿಯಾದಾಗ

ಕಂತು 90 ದಿನಗಳಿಗಿಂತ ಹೆಚ್ಚು ಬಾಕಿ ಉಳಿದರೆ ಸಾಲವು ಅನುತ್ಪಾದಕವೆನಿಸುತ್ತದೆ. ಬಳಿಕ 2002ರ ಸರ್ಫೇಸಿ ಕಾಯ್ದೆಯಂತೆ, ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಅಡವಿಟ್ಟ ಮನೆಯನ್ನು ಸ್ವಾಧೀನಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರವಿದೆ. ಆ ಅಧಿಕಾರಕ್ಕೆ ಮೆಟ್ಟಿಲುಗಳಿವೆ.

1. ಬೇಡಿಕೆಯ ನೋಟಿಸು: ಬಾಕಿಯ ವಿವರ ಮತ್ತು ಆಸ್ತಿಯ ವಿವರಗಳೊಂದಿಗೆ 60 ದಿನಗಳ ಅವಧಿಯನ್ನು ಕೊಡಬೇಕು.

2. ಆಕ್ಷೇಪಣೆ: ಸಾಲಗಾರನು ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಬ್ಯಾಂಕು ಅದನ್ನು ಒಪ್ಪದಿದ್ದರೆ 15 ದಿನಗಳೊಳಗೆ ಕಾರಣಸಹಿತ ಉತ್ತರ ಕೊಡಬೇಕು.

3. ಸ್ವಾಧೀನ: ಸ್ವಾಧೀನದ ನೋಟಿಸನ್ನು ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಅವುಗಳಲ್ಲೊಂದು ಪ್ರಾದೇಶಿಕ ಭಾಷೆಯದಾಗಿರಬೇಕು. ಅದು ಕನ್ನಡವೇ ಆಗಬೇಕೆಂದು ನಿಯಮ ಹೇಳುವುದಿಲ್ಲ. ಮುಖ್ಯಾಂಶ ಪತ್ರ ಸಾಲಗಾರನ ಭಾಷೆಯನ್ನು ನೋಡುತ್ತದೆ, ಪತ್ರಿಕಾ ಪ್ರಕಟಣೆ ಪ್ರದೇಶದ ಭಾಷೆಯನ್ನು ನೋಡುತ್ತದೆ. ಭಾಷಾ ಅಲ್ಪಸಂಖ್ಯಾತರಿಗೆ ಈ ಅಂತರ ತಿಳಿದಿರಬೇಕು.

4. ಮೇಲ್ಮನವಿ: ಸ್ವಾಧೀನದ ಕ್ರಮ ಕೈಗೊಂಡ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಮೊದಲು ಇದಕ್ಕಾಗಿ ಬೇಡಿಕೆಯ ಶೇ. 75ರಷ್ಟನ್ನು ಠೇವಣಿ ಇಡಬೇಕಿತ್ತು. 2004ರಲ್ಲಿ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಷರತ್ತನ್ನು ರದ್ದುಪಡಿಸಿತು. ಕೇರಳದಲ್ಲಿ ಈ ನ್ಯಾಯಮಂಡಳಿಯಿರುವುದು ಎರ್ನಾಕುಳಂನಲ್ಲಿ. ದೂರವನ್ನೂ ಸಿದ್ಧತೆಯನ್ನೂ ಲೆಕ್ಕಹಾಕಿದರೆ 45 ದಿನಗಳು ದೊಡ್ಡ ಅವಧಿಯಲ್ಲ.

5. ಹರಾಜು: ಮಾರಾಟಕ್ಕೆ 30 ದಿನಗಳ ಮುನ್ಸೂಚನೆ ಬೇಕು. ಹರಾಜಿನ ಪ್ರಕಟಣೆ ಹೊರಡುವ ಮುನ್ನ ಬಾಕಿಯನ್ನು ಖರ್ಚು ಸಹಿತ ಪೂರ್ತಿ ತೀರಿಸಿದರೆ ಮಾರಾಟ ನಿಲ್ಲುತ್ತದೆ. ಮಾರಾಟವಾದರೆ, ಬಾಕಿ ಕಳೆದು ಉಳಿದ ಹಣ ಅದಕ್ಕೆ ಹಕ್ಕುಳ್ಳವರಿಗೆ ಸೇರಬೇಕು.

ಕೃಷಿ ಭೂಮಿಯ ಮೇಲಿನ ಅಡಮಾನಕ್ಕೂ, ಅಸಲು ಮತ್ತು ಬಡ್ಡಿಯ ಶೇ. 20ಕ್ಕಿಂತ ಕಡಿಮೆ ಬಾಕಿಯಿರುವ ಸಾಲಕ್ಕೂ ಈ ಕಾಯ್ದೆ ಅನ್ವಯಿಸುವುದಿಲ್ಲ. ಸಹಕಾರಿ ಬ್ಯಾಂಕುಗಳಿಗೆ ಅನ್ವಯಿಸುತ್ತದೆಯೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ.

ಮಹಿಳೆಯರೂ ಪರಿಶಿಷ್ಟ ಜಾತಿ ಮತ್ತು ಪಂಗಡದವರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವನ್ನು ಪಡೆಯಲು ಅರ್ಹರು. ಇದಕ್ಕೆ ಆದಾಯದ ಮಿತಿಯಿಲ್ಲ.

ತರಗತಿಯ ಚಟುವಟಿಕೆ

ಅಧ್ಯಾಪಕರು ಕಾಲ್ಪನಿಕ ನೋಟಿಸೊಂದನ್ನು ಸಿದ್ಧಪಡಿಸಲಿ. ಮನೆಗೆ ಬಂದ ನಿಜವಾದ ಪತ್ರವನ್ನು ತರುವಂತೆ ಯಾವ ಮಗುವಿಗೂ ಹೇಳಬಾರದು. ಸಾಲದ ಸಂಕಟ ತರಗತಿಯ ಮಾತಾಗಬಾರದು.

ವಿದ್ಯಾರ್ಥಿಗಳು ಗುಂಪುಗಳಲ್ಲಿ ನೋಟಿಸನ್ನು ಓದಿ, ಯಾರು ಬರೆದರು, ಎಷ್ಟು ಬಾಕಿ, ಯಾವ ದಿನಾಂಕ, ಮುಂದೇನು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಗುರುತಿಸಲಿ. ಬಳಿಕ ದಿನಗಳನ್ನು ಎಣಿಸಲಿ. ಉದಾಹರಣೆಗೆ, ನೋಟಿಸಿನ ದಿನಾಂಕ ಜೂನ್ 1 ಆದರೆ 60ನೆಯ ದಿನ ಜುಲೈ 31. ಸ್ವಾಧೀನದ ದಿನ ಆಗಸ್ಟ್ 10 ಆದರೆ 45ನೆಯ ದಿನ ಸೆಪ್ಟೆಂಬರ್ 24.

ಮೌಲ್ಯಮಾಪನ

1. ‘ಸುಸ್ತಿ’, ‘ಅಡಮಾನ’, ‘ಸ್ವಾಧೀನ’, ‘ಹರಾಜು’ ಪದಗಳನ್ನು ಅಜ್ಜಿಗೆ ತಿಳಿಯುವಂತೆ ಸರಳ ವಾಕ್ಯಗಳಲ್ಲಿ ವಿವರಿಸಿರಿ.

2. ಕನ್ನಡದಲ್ಲಿ ಮುಖ್ಯಾಂಶ ಪತ್ರವನ್ನು ಕೋರಿ ಶಾಖಾ ವ್ಯವಸ್ಥಾಪಕರಿಗೆ ಮನವಿ ಬರೆಯಿರಿ.

3. ಬಾಕಿಯ ಮೊತ್ತ ತಪ್ಪೆಂದು ತೋರಿದಾಗ ಸಲ್ಲಿಸುವ ಆಕ್ಷೇಪಣೆಯನ್ನು ಹತ್ತು ವಾಕ್ಯಗಳಲ್ಲಿ ರಚಿಸಿರಿ.

ಮೂರನೆಯ ಉತ್ತರದಲ್ಲಿ ಅಲಂಕಾರಕ್ಕಿಂತ ದಿನಾಂಕ, ಮೊತ್ತ, ಕಾರಣಗಳ ಸ್ಪಷ್ಟತೆಗೆ ಹೆಚ್ಚಿನ ಅಂಕ ನೀಡತಕ್ಕದ್ದು.